ಬಾನಿನಿಂದ ಇಳಿದ ದೋಣಿ

ಇಂದು ನಿಮ್ಮೊಡನೆ ಒಂದು ವಿಚಿತ್ರವಾದ ದೋಣಿಯ ವಿಷಯ ಮಾತನಾಡಬೇಕೆಂದಿದ್ದೇನೆ. ಇದು ಬಂದರಿನಿಂದ ಹೊರಡುವ ದೋಣಿಯಲ್ಲ. ವಿಮಾನದ ಹೊಟ್ಟೆಗೆ ಅಂಟಿಕೊಂಡು ಆಕಾಶದಲ್ಲಿ ಹಾರಿ, ಪ್ಯಾರಾಚೂಟ್‌ಗಳನ್ನು ಬಿಚ್ಚಿಕೊಂಡು, ನಡುಗಡಲಿನಲ್ಲಿ ಇಳಿಯುತ್ತಿದ್ದ ದೋಣಿ.

ಮೊದಲು ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಸಮುದ್ರದಲ್ಲಿ ವಿಮಾನವೊಂದು ಬಿದ್ದಿದೆ. ನಾಲ್ಕೈದು ಜನ ಸಣ್ಣ ರಬ್ಬರ್ ತೆಪ್ಪವೊಂದಕ್ಕೆ ಜೋತುಬಿದ್ದಿದ್ದಾರೆ. ಅವರನ್ನು ಹುಡುಕಲು ಹೊರಟ ಇನ್ನೊಂದು ವಿಮಾನ ಗಂಟೆಗಟ್ಟಲೆ ಸುತ್ತಿ, ಕೊನೆಗೂ ಅವರನ್ನು ಕಂಡುಹಿಡಿಯುತ್ತದೆ. ಮೇಲಿನಿಂದ ನೋಡಿದರೆ ನೀರಿನಲ್ಲಿರುವ ಮನುಷ್ಯನ ತಲೆ ತೇಲುವ ತೆಂಗಿನಕಾಯಿಯಷ್ಟೇ. ಅಂಥದ್ದನ್ನು ಕಂಡದ್ದೇ ದೊಡ್ಡದು. ಕೆಳಗಿನವರು ಕೈ ಬೀಸುತ್ತಾರೆ. ಮೇಲಿನವರು ರೆಕ್ಕೆ ಅಲುಗಿಸುತ್ತಾರೆ. ಆಮೇಲೆ?

ಆಮೇಲೆ ಏನೂ ಇಲ್ಲ! ಚಕ್ರದ ಮೇಲೆ ಇಳಿಯುವ ವಿಮಾನ ನೀರಿನ ಮೇಲೆ ಇಳಿಯಲಾರದು. ಕ್ಯಾಟಲೀನಾ, ಸಂಡರ್‌ಲೆಂಡ್‌ನಂಥ ಜಲವಿಮಾನಗಳೇನೋ ಇದ್ದವು, ಆದರೆ ಅಲೆಗಳು ಎದ್ದಿರುವ ತೆರೆದ ಕಡಲಿನಲ್ಲಿ ಅವಕ್ಕೂ ಇಳಿಯುವುದು, ಇಳಿದರೆ ಮತ್ತೆ ಏಳುವುದು ಪ್ರಾಣಾಪಾಯದ ಕೆಲಸ. ಹಡಗು ಬರಬೇಕು, ಅದು ಎಷ್ಟೋ ಮೈಲಿ ದೂರದಲ್ಲಿದೆ. ಅಷ್ಟರಲ್ಲಿ ತಣ್ಣೀರು ತನ್ನ ಕೆಲಸ ಮಾಡುತ್ತಿರುತ್ತದೆ. ನೀರು ಗಾಳಿಗಿಂತ ಹಲವು ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಉತ್ತರ ಸಮುದ್ರದಂಥ ಕಡೆ ಗಂಟೆಗಳಲ್ಲ, ನಿಮಿಷಗಳೇ ಮುಖ್ಯ.

ಅಂದರೆ ಕಂಡುಹಿಡಿಯುವುದು ಬೇರೆ, ಕಾಪಾಡುವುದು ಬೇರೆ. ಇವೆರಡರ ನಡುವಿನ ಅಂತರವನ್ನು ತುಂಬಲು ಮಾಡಿದ ಪ್ರಯತ್ನವೇ ಈ ದೋಣಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಲಿಂಡೋಮ್ ವಾಯುನೆಲೆಯಲ್ಲಿ ಮೊದಲು ಒಂದು ಸರಳ ಸಾಧನ ರೂಪುಗೊಂಡಿತು. ಐದು ಉರುಳೆಯಾಕಾರದ ಪೆಟ್ಟಿಗೆಗಳನ್ನು ತೇಲುವ ಹಗ್ಗದಿಂದ ಸಾಲಾಗಿ ಕಟ್ಟಿ ವಿಮಾನದಿಂದ ಬೀಳಿಸುವುದು. ನಡುವಿನದರಲ್ಲಿ ತಾನಾಗಿ ಗಾಳಿ ತುಂಬಿಕೊಳ್ಳುವ ತೆಪ್ಪ, ಉಳಿದವುಗಳಲ್ಲಿ ಆಹಾರ, ನೀರು, ಬಟ್ಟೆ. ಹಗ್ಗ ಕೈಗೆ ಸಿಕ್ಕರೆ ತೆಪ್ಪವೂ ಸಿಕ್ಕಂತೆ. ಆದರೆ ತೆಪ್ಪದಲ್ಲಿ ಕುಳಿತವನು ಕಾಯಬಹುದೇ ಹೊರತು ಎಲ್ಲಿಗೂ ಹೋಗಲಾರ. ಗಾಳಿ ಶತ್ರುವಿನ ದಡದ ಕಡೆಗೆ ಬೀಸಿದರೆ ತೆಪ್ಪವೂ ಅತ್ತಲೇ. ಹಾಗಾದರೆ ಕಾಯುವವನಿಗೆ ಮನೆಯ ದಾರಿ ಹಿಡಿಯುವ ಸಾಧನವನ್ನೇ ಕೊಟ್ಟರೆ ಹೇಗೆ? ಲಿಂಡೋಮ್ ನೆಲೆಯ ಮುಖ್ಯಸ್ಥ ಗ್ರೂಪ್ ಕ್ಯಾಪ್ಟನ್ ವೇರಿಂಗ್ ಈ ಆಲೋಚನೆಗೆ ಒತ್ತು ಕೊಟ್ಟವರಲ್ಲಿ ಒಬ್ಬರು. ಅದಕ್ಕೆ ಆಕಾರ ಕೊಟ್ಟವರು ಕೌಸ್ ಪಟ್ಟಣದ ಹೆಸರಾಂತ ಹಾಯಿದೋಣಿ ವಿನ್ಯಾಸಕಾರ ಉಫಾ ಫಾಕ್ಸ್.

ಫಾಕ್ಸ್ ರೂಪಿಸಿದ ಮೊದಲ ದೋಣಿ ಸುಮಾರು 23 ಅಡಿ ಉದ್ದ, 1,700 ಪೌಂಡ್ ತೂಕ. ಮರದ್ದು. ಹಡ್ಸನ್ ವಿಮಾನದ ಕೆಳಗೆ ಅದನ್ನು ಸಿಕ್ಕಿಸಿ, 700 ಅಡಿ ಎತ್ತರದಿಂದ ಆರು ಪ್ಯಾರಾಚೂಟ್‌ಗಳ ಸಹಾಯದಿಂದ ಇಳಿಸುತ್ತಿದ್ದರು. ಒಳಗೆ ಎರಡು ಸಣ್ಣ ಎಂಜಿನ್, ಕಂಬ, ಹಾಯಿ. ವಿಮಾನದವರಿಗೆ ದೋಣಿ ನಡೆಸಿ ಗೊತ್ತಿರಬೇಕಲ್ಲ? ಅದಕ್ಕೆಂದೇ ಹಾಯಿ ಕಟ್ಟುವ ಸೂಚನೆಗಳನ್ನೂ ಒಳಗೆ ಇಟ್ಟಿದ್ದರು. 1943ರ ಮೇ ತಿಂಗಳಲ್ಲಿ ಉತ್ತರ ಸಮುದ್ರಕ್ಕೆ ಬಿದ್ದ ಹ್ಯಾಲಿಫ್ಯಾಕ್ಸ್ ಬಾಂಬರಿನ ಸಿಬ್ಬಂದಿಗಾಗಿ ಇದನ್ನು ಮೊದಲ ಬಾರಿ ನಿಜವಾದ ಅಪಾಯದಲ್ಲಿ ಬಳಸಲಾಯಿತು. ನೀರಿನಲ್ಲಿದ್ದವರು ಅದನ್ನು ಹತ್ತಿ, ಎಂಜಿನ್ ಚಾಲೂ ಮಾಡಿ, ತಮ್ಮ ದಡದ ಕಡೆ ಹೊರಟೇಬಿಟ್ಟರು. ದಾರಿಯಲ್ಲಿ ಎದುರಾದ ದೋಣಿಗಳು ಅವರನ್ನು ಕರೆದುಕೊಂಡವು.

ಯುದ್ಧ ಮುಗಿದ ಮೇಲೆ ಇದರ ಅಗತ್ಯ ಮುಗಿಯಲಿಲ್ಲ. ಕಡಲ ಮೇಲೆ ಕಾವಲು ಹಾರುವ ವಿಮಾನಗಳು ಇನ್ನೂ ದೂರ, ಇನ್ನೂ ಹೆಚ್ಚು ಹೊತ್ತು ಹಾರತೊಡಗಿದವು. ಬ್ರಿಟನ್ನಿನಲ್ಲಿ ಅವುಗಳಲ್ಲಿ ಮುಖ್ಯವಾದದ್ದು ಆವ್ರೋ ಶಾಕಲ್ಟನ್. ನಾಲ್ಕು ಗ್ರಿಫನ್ ಎಂಜಿನ್‌ಗಳ ಈ ವಿಮಾನ 1949ರ ಮಾರ್ಚ್‌ನಲ್ಲಿ ಮೊದಲ ಬಾರಿ ಹಾರಿ, 1951ರಲ್ಲಿ ಸೇವೆಗೆ ಬಂತು.

ಶಾಕಲ್ಟನ್ ಎಂಬ ಹೆಸರು ದಕ್ಷಿಣ ಧ್ರುವದ ಅನ್ವೇಷಕ ಅರ್ನೆಸ್ಟ್ ಶಾಕಲ್ಟನ್‌ರದು. ಹಿಮದಲ್ಲಿ ಹಡಗು ಕಳೆದುಕೊಂಡ ಅವರು 1916ರಲ್ಲಿ ಎಲಿಫೆಂಟ್ ದ್ವೀಪದಲ್ಲಿ 22 ಜನರನ್ನು ಬಿಟ್ಟು, ಐವರು ಸಂಗಡಿಗರೊಡನೆ 22 ಅಡಿ ಚಿಲ್ಲರೆ ಉದ್ದದ ಒಂದು ದೋಣಿಯಲ್ಲಿ ಸುಮಾರು 1,300 ಕಿಲೋಮೀಟರ್ ಸಾಗಿ ದಕ್ಷಿಣ ಜಾರ್ಜಿಯಾ ದ್ವೀಪ ತಲುಪಿದರು. ಆಗಸ್ಟ್ 30ರಂದು ಹಡಗಿನೊಡನೆ ಹಿಂತಿರುಗಿ ಆ 22 ಜನರನ್ನೂ ಬದುಕಿಸಿ ತಂದರು. ಸಣ್ಣ ದೋಣಿಯೊಂದು ಮನುಷ್ಯನನ್ನು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅವರ ಹೆಸರಿನ ವಿಮಾನಕ್ಕೇ ಮುಂದೆ ಒಂದು ದೋಣಿಯನ್ನು ಕಟ್ಟಿದರು.

ಅದು ಸಾಂಡರ್ಸ್-ರೋ ಕಂಪನಿ 1953ರ ಆರಂಭದಲ್ಲಿ ಸಿದ್ಧಪಡಿಸಿದ ಮಾರ್ಕ್ 3 ದೋಣಿ. 31 ಅಡಿ ಉದ್ದ, 7 ಅಡಿ ಅಗಲ. ಮರದ ಬದಲು ಪೂರ್ತಿ ಅಲ್ಯೂಮಿನಿಯಂ. ಇದು ಇಳಿಯುವ ಕ್ರಮವನ್ನು ನಾನು ಸ್ವಲ್ಪ ನಿಧಾನವಾಗಿ, ನಮ್ಮ ದೂರದರ್ಶನದ ಭಾಷೆಯಲ್ಲಿ ಹೇಳುವುದಾದರೆ ಸ್ಲೋ ಮೋಷನ್‌ನಲ್ಲಿ, ತೋರಿಸುತ್ತೇನೆ.

ದೋಣಿ ವಿಮಾನದಿಂದ ಬೇರ್ಪಟ್ಟಿತು. 42 ಅಡಿ ಅಗಲದ ನಾಲ್ಕು ಪ್ಯಾರಾಚೂಟ್‌ಗಳು ಅರಳಿದವು. ಈಗ ಅದು ಸೆಕೆಂಡಿಗೆ 20 ಅಡಿ, ಅಂದರೆ ಸುಮಾರು 6 ಮೀಟರ್ ವೇಗದಲ್ಲಿ ಇಳಿಯುತ್ತಿದೆ. ಇದು ಜೋರೋ ನಿಧಾನವೋ? ಪಿಯುಸಿಯಲ್ಲಿ ಕಲಿತ ಸೂತ್ರ ಹಾಕಿ ನೋಡಿ. ಪ್ಯಾರಾಚೂಟ್ ಇಲ್ಲದೆ ಸುಮಾರು 6 ಅಡಿ ಎತ್ತರದಿಂದ ಕೈಬಿಟ್ಟರೆ ನೀರು ಮುಟ್ಟುವಾಗ ಎಷ್ಟು ವೇಗ ಬರುವುದೋ ಅಷ್ಟೇ. ಗಟ್ಟಿಯಾದ ದೋಣಿ ಅಷ್ಟನ್ನು ತಡೆದುಕೊಳ್ಳುತ್ತದೆ. ಇಳಿಯುತ್ತಿರುವಾಗಲೇ ಸಿಲಿಂಡರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಅನಿಲ ಮುಂದಿನ ಮತ್ತು ಹಿಂದಿನ ತುದಿಯ ಚೀಲಗಳನ್ನು ಉಬ್ಬಿಸುತ್ತದೆ. ದೋಣಿ ಮಗುಚಿ ಬಿದ್ದರೂ ಈ ಚೀಲಗಳು ಅದನ್ನು ನೆಟ್ಟಗೆ ನಿಲ್ಲಿಸುತ್ತವೆ.

ನೀರು ಮುಟ್ಟಿದೊಡನೆ ಪ್ಯಾರಾಚೂಟ್‌ಗಳು ಕಳಚಿಕೊಳ್ಳಬೇಕು. ಇಲ್ಲದಿದ್ದರೆ ಅವೇ ನಾಲ್ಕು ಹಾಯಿಗಳಾಗಿ ದೋಣಿಯನ್ನು ಎಳೆದೊಯ್ಯುತ್ತವೆ. ಇನ್ನು ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮಲ್ಪೆಯಲ್ಲಿ ಕಲಿತೆ.

ಒಮ್ಮೆ ಅಲ್ಲಿ ದೋಣಿಯ ಮೇಲೆ ಚಿತ್ರೀಕರಣ ನಡೆಸುತ್ತಿದ್ದಾಗ, ಮುಖಕ್ಕೆ ಬೆಳಕು ಬೀಳಿಸಲು ನಾವು ಹಿಡಿಯುವ ಬಿಳಿ ಥರ್ಮಾಕೋಲ್ ಹಲಗೆ ಗಾಳಿಗೆ ಹಾರಿ ನೀರಿಗೆ ಬಿತ್ತು. ದೋಣಿಯಲ್ಲಿದ್ದ ಹುಡುಗ, ಒಳ್ಳೆಯ ಈಜುಗಾರ, ತಕ್ಷಣ ಧುಮುಕಿದ. ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಹಲಗೆ ಇನ್ನೂ ಹತ್ತು ಮಾರು ಮುಂದೆ! ಎಷ್ಟು ಈಜಿದರೂ ಅಷ್ಟೇ. ಚುಕ್ಕಾಣಿ ಹಿಡಿದಿದ್ದ ಹಿರಿಯರು ನಕ್ಕು ಹೇಳಿದರು: "ಅದರ ಹಿಂದೆ ಓಡಿದ್ರೆ ಸಿಗುದಿಲ್ಲ ಮಾರಾಯ್ರೆ. ಸುತ್ತು ಹಾಕಿ ಅದರ ಮುಂದೆ ಹೋಗಿ ನಿಲ್ಲುವ, ಅದೇ ಬರ್ತದೆ." ಹಾಗೇ ಆಯಿತು. ಹಲಗೆ ತಾನಾಗಿ ತೇಲಿ ಬಂದು ನಮ್ಮ ದೋಣಿಗೆ ತಾಗಿತು.

ಖಾಲಿ ದೋಣಿಯ ಕಥೆಯೂ ಇದೇ. ಅದರ ಹೆಚ್ಚು ಭಾಗ ನೀರಿನ ಮೇಲಿದೆ, ಗಾಳಿ ಅದನ್ನು ನೂಕುತ್ತದೆ. ಮನುಷ್ಯನ ಮೈಯೆಲ್ಲ ನೀರಿನೊಳಗಿದೆ, ಗಾಳಿಗೆ ಸಿಗುವುದು ತಲೆ ಮಾತ್ರ. ಹೀಗಾಗಿ ಕಾಪಾಡಲು ಬಂದ ದೋಣಿಯೇ ಮುಳುಗುತ್ತಿರುವವನಿಂದ ದೂರ ಓಡತೊಡಗುತ್ತದೆ! ಚಳಿಗೆ ಬೆರಳು ಮರಗಟ್ಟಿದವನು ಅದನ್ನು ಬೆನ್ನಟ್ಟಿ ಹಿಡಿದಾನೆಯೇ?

ಆದ್ದರಿಂದ ಮಲ್ಪೆಯ ಹಿರಿಯರು ಹೇಳಿದ ಸೂತ್ರವೇ ಇಲ್ಲಿಯೂ. ವಿಮಾನ ದೋಣಿಯನ್ನು ಗಾಳಿ ಬರುವ ದಿಕ್ಕಿನಲ್ಲಿ ಬೀಳಿಸಬೇಕು, ಅದು ತೇಲುತ್ತಾ ಜನರ ಕಡೆಗೇ ಬರಬೇಕು. ಲೆಕ್ಕ ಸುಲಭವಲ್ಲ. 700 ಅಡಿಯಿಂದ ಇಳಿಯಲು ಅರ್ಧ ನಿಮಿಷ ಹಿಡಿಯಿತೆನ್ನಿ. ಗಾಳಿಯ ವೇಗ ಗಂಟೆಗೆ 36 ಕಿಲೋಮೀಟರ್ ಇದ್ದರೆ, ಇಳಿಯುವಷ್ಟರಲ್ಲೇ ದೋಣಿ 300 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ.

ಲೆಕ್ಕ ತಪ್ಪಬಹುದೆಂದು ವಿನ್ಯಾಸಕಾರರಿಗೆ ಗೊತ್ತಿತ್ತು. ಅದಕ್ಕೇ ಇನ್ನೆರಡು ಏರ್ಪಾಡು. ಒಂದು, ದೋಣಿಯ ಹಿಂದೆ ನೀರಿನೊಳಗೆ ಬಿಚ್ಚಿಕೊಳ್ಳುವ ಚೀಲದಂಥ ತಡೆ. ನೀರೊಳಗಿನ ಪ್ಯಾರಾಚೂಟ್ ಎನ್ನಿ. ದೋಣಿ ಓಡಿಹೋಗದಂತೆ ಅದು ಹಿಡಿದೆಳೆಯುತ್ತದೆ. ಎರಡು, ದೋಣಿಯ ಎಡಕ್ಕೊಂದು ಬಲಕ್ಕೊಂದು ರಾಕೆಟ್ ಚಿಮ್ಮಿ ತೇಲುವ ಹಗ್ಗಗಳನ್ನು ದೂರಕ್ಕೆ ಎಸೆಯುತ್ತಿದ್ದವು. ದೋಣಿ ಎರಡೂ ಕೈ ಚಾಚಿಕೊಂಡು ಬಂದಂತೆ! ಹಗ್ಗ ಹಿಡಿದು ಬಂದವನಿಗೆ ಹೊರಗಿನಿಂದಲೇ ತೆರೆಯಬಹುದಾದ ಬಾಗಿಲು.

ಒಳಗೆ 10 ಜನರಿಗೆ 14 ದಿನಕ್ಕಾಗುವಷ್ಟು ಆಹಾರ, ನೀರು. ಚಳಿಯ ಉಡುಪು, ಮಲಗುವ ಚೀಲ, ಗಾಳಿ ದಿಂಬು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಬಿಸಿಲಿಗೆ ಮೇಲ್ಕಟ್ಟು, ಮೀನು ಹಿಡಿಯಲು ಗಾಳ. ಮೋಟಾರ್‌ಸೈಕಲ್‌ಗಳಿಗೆ ಹೆಸರಾದ ವಿನ್ಸೆಂಟ್ ಎಚ್‌ಆರ್‌ಡಿ ಕಂಪನಿಯ 15 ಅಶ್ವಶಕ್ತಿಯ ಎಂಜಿನ್, 1,250 ಮೈಲಿಗೆ ಸಾಲುವಷ್ಟು ಇಂಧನ. ಜೊತೆಗೆ ಹಾಯಿ. ಬಿದ್ದವನಿಗೆ ಬರೀ ಅನ್ನ ನೀರು ಕೊಟ್ಟದ್ದಲ್ಲ, ದಾರಿಯನ್ನೇ ಕೊಟ್ಟದ್ದು.

ಅಮೆರಿಕದಲ್ಲೂ ಇದೇ ಕೆಲಸ ನಡೆದಿತ್ತು. ಯುದ್ಧಕಾಲದಲ್ಲಿ ಹಿಗಿನ್ಸ್ ಕಂಪನಿ ಬಿ-17 ವಿಮಾನಕ್ಕೆ 27 ಅಡಿಯ ಮರದ ದೋಣಿ ಮಾಡಿಕೊಟ್ಟಿತ್ತು. 1947ರಲ್ಲಿ ಎಡೊ ಕಂಪನಿ ಬಿ-29 ವಿಮಾನಕ್ಕಾಗಿ ಅಲ್ಯೂಮಿನಿಯಂ ದೋಣಿ ತಯಾರಿಸಿತು. 1950ರಲ್ಲಿ ಶುರುವಾದ ಕೊರಿಯಾ ಯುದ್ಧದಲ್ಲಿ, ಬಾಂಬರುಗಳು ಹೊರಟಾಗ ದೋಣಿ ಹೊತ್ತ ಬಿ-29ಗಳು ಕಡಲ ಮೇಲೆ ಕಾದು ಹಾರುತ್ತಿದ್ದವು.

ಇಷ್ಟೆಲ್ಲ ಇದ್ದರೂ ಈ ದೋಣಿಗಳು 1950ರ ದಶಕದಲ್ಲೇ ಮರೆಗೆ ಸರಿದವು. ಏಕೆ? ಹೊಟ್ಟೆಯ ಕೆಳಗೆ ದೋಣಿ ಹೊತ್ತ ವಿಮಾನಕ್ಕೆ ಗಾಳಿಯ ತಡೆ ಹೆಚ್ಚು, ಬೇರೆ ಭಾರಕ್ಕೆ ಜಾಗ ಕಡಿಮೆ. ನೂರು ಹಾರಾಟಗಳಲ್ಲಿ ಒಂದರಲ್ಲಿ ಬೇಕಾಗುವ ವಸ್ತುವನ್ನು ನೂರರಲ್ಲೂ ಹೊರಬೇಕು. ಅಷ್ಟರಲ್ಲಿ ಗಾಳಿ ತುಂಬುವ ತೆಪ್ಪಗಳು ಸುಧಾರಿಸಿದವು. ಎಲ್ಲಕ್ಕಿಂತ ಮುಖ್ಯವಾಗಿ ಹೆಲಿಕಾಪ್ಟರ್ ಬಂತು. 1945ರ ನವೆಂಬರ್ 29ರಂದು ಅಮೆರಿಕದ ಕನೆಕ್ಟಿಕಟ್ ತೀರದ ಬಳಿ, ಬಿರುಗಾಳಿಗೆ ಸಿಕ್ಕಿದ್ದ ತೈಲದ ದೋಣಿಯಿಂದ ಇಬ್ಬರನ್ನು ಸಿಕೋರ್ಸ್ಕಿ ಹೆಲಿಕಾಪ್ಟರ್ ಮೇಲಕ್ಕೆತ್ತಿತ್ತು. ಹಗ್ಗದ ತುದಿಯಲ್ಲಿ ಒಬ್ಬ ಮನುಷ್ಯನೇ ಇಳಿದು ಬಂದು ಎತ್ತಿಕೊಳ್ಳುವಾಗ, ನಿತ್ರಾಣನಾದವನು ದೋಣಿ ಹತ್ತಿ ಎಂಜಿನ್ ಚಾಲೂ ಮಾಡಬೇಕಿಲ್ಲವಲ್ಲ!

ಆದರೆ ಹೆಲಿಕಾಪ್ಟರ್ ಹೋಗಬಲ್ಲ ದೂರಕ್ಕೂ ಒಂದು ಮಿತಿ ಇದೆ. ಅದರಾಚೆಗೆ ಇಂದಿಗೂ ಕಾವಲು ವಿಮಾನವೇ ಮೊದಲು ತಲುಪುವುದು. ತಮಾಷೆಯೆಂದರೆ, ಅಷ್ಟು ಜಾಣ್ಮೆಯ ದೋಣಿ ಹೋದ ಮೇಲೂ ಲಿಂಡೋಮ್‌ನ ಆ ಸರಳ ಹಗ್ಗ, ತೆಪ್ಪ, ಪೆಟ್ಟಿಗೆಗಳ ಏರ್ಪಾಡು ಉಳಿಯಿತು. ಶಾಕಲ್ಟನ್‌ಗಳ ನಂತರ ಬಂದ ನಿಮ್ರಾಡ್ ಜೆಟ್‌ಗಳೂ ಅದನ್ನು ಹೊತ್ತವು.

2018ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. ನಮ್ಮ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ ಒಬ್ಬರೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ ಸ್ಪರ್ಧೆಯಲ್ಲಿದ್ದರು. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ಸಿಕ್ಕಿ, ಗೋವಾದಲ್ಲಿ ಕಟ್ಟಿದ ಅವರ 'ತುರಿಯಾ' ದೋಣಿಯ ಕಂಬ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಅವರು ಏಳಲಾರದೆ ಮಲಗಿದ್ದರು. ಮಾರಿಷಸ್‌ನಿಂದ ಹಾರಿದ ನೌಕಾಪಡೆಯ ಪಿ-8ಐ ವಿಮಾನ 23ರಂದು ಅವರ ದೋಣಿಯನ್ನು ಕಂಡಿತು. ಮುರಿದ ಕಂಬ, ಅಲೆಗಳ ಮೇಲೆ ಉರುಳಾಡುವ ದೋಣಿ, ಎಲ್ಲ ಕಂಡಿತು. ಆದರೆ ಇಳಿಯುವಂತಿಲ್ಲ! 24ರಂದು ಫ್ರಾನ್ಸಿನ ಒಸಿರಿಸ್ ಎಂಬ ಹಡಗು ತಲುಪಿ, ಅದರ ಜನ ಸಣ್ಣ ದೋಣಿಯಲ್ಲಿ ಹೋಗಿ, ಅವರನ್ನು ಸ್ಟ್ರೆಚರ್ ಮೇಲೆ ತಂದ ಮೇಲೆಯೇ ನಾವೆಲ್ಲ ಉಸಿರುಬಿಟ್ಟದ್ದು. ಮೇಲಿನಿಂದ ದೋಣಿ ಬೀಳಿಸಿದ್ದರೂ ಅವರಿಗೆ ಅದು ಉಪಯೋಗವಾಗುತ್ತಿರಲಿಲ್ಲ. ಹತ್ತುವ ಶಕ್ತಿ ಇರಲಿಲ್ಲ.

1943ರಿಂದ ಇಲ್ಲಿಯವರೆಗೆ ವಿಮಾನ ಬದಲಾಯಿತು, ರೇಡಾರ್ ಬದಲಾಯಿತು, ಉಪಗ್ರಹಗಳು ಬಂದವು. ಹುಡುಕುವ ಕಣ್ಣು ಎಷ್ಟೋ ಪಟ್ಟು ಚುರುಕಾಯಿತು. ಆದರೆ ಕೊನೆಯ ಹತ್ತು ಮಾರು ನೀರು ಆಗಿನಷ್ಟೇ ಅಗಲವಾಗಿದೆ. ಆ ದೋಣಿಯನ್ನು ಮಾಡಿದವರ ದೊಡ್ಡತನ ನನಗೆ ಕಾಣುವುದು ಅದರ ಎಂಜಿನ್ನಿನಲ್ಲಲ್ಲ, ಆ ಎರಡು ಹಗ್ಗಗಳಲ್ಲಿ. ನೆರವನ್ನು ಕಳಿಸಿದರೆ ಸಾಲದು, ಸೋತ ಕೈಗೆ ಅದು ಎಟಕಬೇಕು ಎಂದು ಅವರು ಮೊದಲೇ ಯೋಚಿಸಿದ್ದರು.

ಮುಂದೆ ನೀವು ಕಡಲ ದಂಡೆಯಲ್ಲಿ ನಿಂತಾಗ ವಿಮಾನವೊಂದು ತಗ್ಗಿನಲ್ಲಿ ಹಾರಿಹೋದರೆ ಸ್ವಲ್ಪ ಹೊತ್ತು ನೋಡಿ. ಅದರೊಳಗೆ ಯಾರೋ ಕಿಟಕಿಗೆ ಮುಖವಿಟ್ಟು, ತೆಂಗಿನಕಾಯಿಯಷ್ಟು ಸಣ್ಣದನ್ನು ನೀರಿನ ಮೇಲೆ ಹುಡುಕುತ್ತಿರಬಹುದು.