ಗುಪ್ತಪದವೆಂಬ ಬೀಗದ ಕೈ



ರಾಜ್ಯೋತ್ಸವದ ಈ ಸಂಜೆ, ಹಾಡು ಕುಣಿತಗಳ ನಡುವೆ, ಬ್ಯಾಂಕಿನ ಗುಮಾಸ್ತನೊಬ್ಬನ ಒಣಮಾತಿಗೂ ಎಡೆಗೊಟ್ಟಿದ್ದೀರಿ. ಪಾಸ್‌ವರ್ಡ್ ಎಂಬ ಗುಪ್ತಪದದ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಉಪನಗರದಲ್ಲಿ ಮೂವತ್ತು ವರುಷ ಹೋಟೆಲು ನಡೆಸಿದ ನಮ್ಮ ಕಡೆಯ ಹಿರಿಯರೊಬ್ಬರು ಒಂದು ದಿನ ನನ್ನ ಕೌಂಟರಿಗೆ ಬಂದರು. ಅವರ ಇ-ಮೇಲ್ ಖಾತೆಯನ್ನು ಯಾರೋ ತೆರೆದು, "ಆಸ್ಪತ್ರೆಯಲ್ಲಿದ್ದೇನೆ, ಕೂಡಲೇ ಹಣ ಕಳುಹಿಸಿ" ಎಂದು ನೆಂಟರಿಗೆಲ್ಲ ಬರೆದಿದ್ದರು. ಕುಂದಾಪುರದ ಕಡೆಯ ತಂಗಿ 18,000 ರೂಪಾಯಿ ಕಳುಹಿಸಿಯೂ ಬಿಟ್ಟಿದ್ದರು. "ದೇವರ ಹೆಸರನ್ನೇ ಇಟ್ಟಿದ್ದೆನಲ್ಲ ಮಗಾ, ಕಳ್ಳನಿಗೆ ಹೇಗೆ ತಿಳಿಯಿತು?" ಎಂದರು. ಆ ದೇವರ ಹೆಸರು ಹೋಟೆಲಿನ ಫಲಕದ ಮೇಲೆಯೇ ಇತ್ತು. ಅದರ ಮುಂದೆ ಸೇರಿಸಿದ್ದು ತಾವು ಹುಟ್ಟಿದ ವರುಷ. ಹಣಕ್ಕಿಂತ ತಂಗಿಗೆ ಹೇಗೆ ಮುಖ ತೋರಿಸಲೆಂಬುದೇ ಅವರ ಸಂಕಟ.

ಕುಲದೇವರು, ಮಕ್ಕಳು, ಹುಟ್ಟೂರು: ಪರಸ್ಥಳದಲ್ಲಿರುವ ನಮಗೆ ಇವೇ ಪ್ರಿಯ, ಎಲ್ಲರಿಗೂ ಗೊತ್ತಿರುವುದೂ ಇವೇ. ಗುಪ್ತಪದಕ್ಕೆ ಸಲ್ಲವು.

ಲೆಕ್ಕ ನೋಡಿ. ನಾಲ್ಕು ಅಂಕಿಗಳಿಂದ ಆಗುವ ಜೋಡಣೆಗಳು 10,000 ಮಾತ್ರ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳಿಂದ 20,882 ಕೋಟಿಗೂ ಮಿಕ್ಕಿ. ಇಂದಿನ ಯಂತ್ರಗಳಿಗೆ ಅದೂ ದೊಡ್ಡದಲ್ಲ. ಆದುದರಿಂದ ಉದ್ದವೇ ಬಲ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಕೂಡ 2017ರಲ್ಲಿ, ಆಗಾಗ್ಗೆ ಗುಪ್ತಪದ ಬದಲಿಸುವ ಹಳೆಯ ಕಟ್ಟಳೆಯನ್ನು ಬಿಟ್ಟು, ಉದ್ದಕ್ಕೆ ಪ್ರಾಶಸ್ತ್ಯ ಕೊಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು, ಒನಕೆ, ಛತ್ರಿ, ಹಲಸು, ಗಡಿಯಾರ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿರಿ. (ಇವನ್ನೇ ಇಡಬೇಡಿ, ಸಭೆಗೆಲ್ಲ ಹೇಳಿಯಾಯಿತು!) ಗಾದೆಯಾಗಲಿ ಹಾಡಿನ ಸಾಲಾಗಲಿ ಬೇಡ.

ಒಂದೇ ಕೀಲಿಯಿಂದ ಮನೆ, ಅಂಗಡಿ ಎರಡನ್ನೂ ಯಾರೂ ತೆರೆಯುವುದಿಲ್ಲ. ಪ್ರತಿ ಖಾತೆಗೂ ಬೇರೆ ಪದವಿರಲಿ. ಅದರಲ್ಲೂ ಇ-ಮೇಲಿನದು ಗಟ್ಟಿಯಾಗಿರಬೇಕು. ಉಳಿದವನ್ನು ಬದಲಿಸುವ ಪತ್ರಗಳೆಲ್ಲ ಅಲ್ಲಿಗೇ ಬರುತ್ತವೆ. ನೆನಪು ಸಾಲದಿದ್ದರೆ ನೋಟುಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ. ಪಾಸ್‌ಪುಸ್ತಕದ ಹಿಂದೆ ಬರೆದವರನ್ನು ನಾನು ದಿನವೂ ನೋಡುತ್ತೇನೆ!

ಬ್ಯಾಂಕಿನ ಭದ್ರಕೋಣೆಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಫೋನಿಗೆ ಬರುವ ಒಟಿಪಿ ಅಂಥ ಎರಡನೆಯ ಕೀಲಿ. ಬ್ಯಾಂಕಿನವನೆಂದು ಹೇಳಿಕೊಂಡು ಕೇಳಿದರೂ ಕೊಡಕೂಡದು. ಗಿರಾಕಿ ತಾನೇ ಗುಟ್ಟು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತು. ಮೋಸ ಹೋದರೆ ನಾಚಿಕೊಂಡು ಕೂರದೆ ಕೂಡಲೇ ಬ್ಯಾಂಕಿಗೂ, 1930 ಸಂಖ್ಯೆಗೂ ತಿಳಿಸಿರಿ.

ಆ ಹಿರಿಯರು ಮರುವಾರವೇ ಬಂದು, "ಹೊಸದು ಇಟ್ಟೆ ಮಗಾ, ಸರಿಯುಂಟೋ ನೋಡು" ಎಂದು ಬಾಯಿ ತೆರೆದರು. ನಾನು ಎರಡೂ ಕಿವಿ ಮುಚ್ಚಿಕೊಂಡೆ.