ಹೆಸರೂ ಒಂದು ಜಾಮೀನು
(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಕಷ್ಟಕಾಲದಲ್ಲಿ ಕಲಾವಿದರು ತೋರಿದ ಔದಾರ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ನನ್ನ ಮನೆಯವರು ನಕ್ಕುಬಿಟ್ಟರು. "ಇಂಟರ್ವಲ್ ಆಗುವುದರೊಳಗೆ ಗೊರಕೆ ಹೊಡೆಯುವವರು ನೀವು, ನಿಮಗೇನು ಸಿನಿಮಾದವರ ವಿಷಯ?" ಎಂದರು. ಮಾತು ನಿಜ. ಬಿ.ಕಾಂ. ಓದಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಜಮಾ ಖರ್ಚು ನೋಡಿದವನು ನಾನು. ಆದರೆ ಔದಾರ್ಯವೂ ಒಂದು ಲೆಕ್ಕವೇ. ಯಾರು ಏನು ಕೊಟ್ಟರು, ಅದು ಯಾವ ಖಾತೆಗೆ ಹೋಯಿತು ಎಂದು ನೋಡುವ ಅಭ್ಯಾಸ ನನಗೆ ಇನ್ನೂ ಬಿಟ್ಟಿಲ್ಲ.

2020ರ ಲಾಕ್‌ಡೌನ್ ದಿನಗಳನ್ನು ನೆನಪಿಸಿಕೊಳ್ಳಿ. ಮಾರ್ಚ್ 25ಕ್ಕೆ ಎಲ್ಲವೂ ನಿಂತಿತು. ನಮ್ಮ ಮುಂಬಯಿಯಲ್ಲಿ ಕಟ್ಟಡ ಕಟ್ಟುವ, ರಸ್ತೆ ಅಗೆಯುವ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರು ಎಷ್ಟು ಜನರಿದ್ದಾರೆ ಎಂಬುದು ನಿಮಗೆ ಗೊತ್ತು. ಕೆಲಸವಿಲ್ಲ, ಕೂಲಿ ಇಲ್ಲ, ಊರಿಗೆ ಹೋಗೋಣವೆಂದರೆ ರೈಲಿಲ್ಲ, ಬಸ್ಸಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಡೆದೇ ಹೊರಟರು. ನಾನು ಆಗಷ್ಟೇ ನಿವೃತ್ತನಾಗಿದ್ದೆ. ಬಾಲ್ಕನಿಯಲ್ಲಿ ನಿಂತು "ಅಯ್ಯೋ ಪಾಪ" ಅಂದೆ. ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ ಎಂದು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಮೇ ತಿಂಗಳ 11ರಂದು ಥಾಣೆಯಿಂದ ಹತ್ತು ಬಸ್ಸುಗಳು ಕಲಬುರಗಿಯ ಕಡೆಗೆ ಹೊರಟವು. ಏರ್ಪಾಡು ಮಾಡಿದವರು ನಟ ಸೋನು ಸೂದ್. ಅವರು ಪಂಜಾಬಿನ ಮೋಗಾದವರು. ನಮ್ಮ 'ಕುರುಕ್ಷೇತ್ರ' ಚಿತ್ರದಲ್ಲಿ ಅರ್ಜುನನ ಪಾತ್ರ ಮಾಡಿದವರು ಎಂಬುದನ್ನು ಬಿಟ್ಟರೆ ಕಲಬುರಗಿಗೂ ಅವರಿಗೂ ಏನು ಸಂಬಂಧ? ಮುಂದೆ ಅವರು ಬೇರೆ ಬೇರೆ ರಾಜ್ಯಗಳವರಿಗೂ ಬಸ್ಸು ಬಿಟ್ಟದ್ದು ದೇಶಕ್ಕೆಲ್ಲ ಗೊತ್ತು. ಆದರೆ ಆ ಮೊದಲ ಬಸ್ಸುಗಳಲ್ಲಿ ಕೂತವರು ನಮ್ಮ ಕನ್ನಡದ ಜನ.

ಬ್ಯಾಂಕಿನವನ ಕಣ್ಣಿಂದ ನೋಡಿದಾಗ ನನಗೆ ಹೊಳೆದದ್ದು ಇದು. ಬಸ್ಸಿನ ಬಾಡಿಗೆ ಕೊಡುವ ಶಕ್ತಿಯಿದ್ದ ಉದ್ಯಮಿಗಳು ಈ ಊರಿನಲ್ಲಿ ಸಾವಿರಾರು ಜನರಿದ್ದರು. ಆಗ ಕಷ್ಟವಿದ್ದದ್ದು ಬಾಡಿಗೆಗಿಂತ ಹೆಚ್ಚಾಗಿ ಅನುಮತಿಯದು. ಬಸ್ಸು ಬಿಡಲು ಮಹಾರಾಷ್ಟ್ರ ಸರ್ಕಾರ ಒಪ್ಪಬೇಕು, ಬರಮಾಡಿಕೊಳ್ಳಲು ಕರ್ನಾಟಕ ಸರ್ಕಾರವೂ ಒಪ್ಪಬೇಕು. ಗಾರೆ ಕೆಲಸದವನೊಬ್ಬ ಫೋನ್ ಮಾಡಿದರೆ ಎತ್ತುವವರು ಯಾರು? ಹೆಸರಿದ್ದವರು ಮಾಡಿದರೆ ಎತ್ತುತ್ತಾರೆ. ಸೂದ್ ಅವರು ಹಣದ ಜೊತೆಗೆ ತಮ್ಮ ಹೆಸರನ್ನೂ ಹೂಡಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಗುರುತಿಲ್ಲದವರಿಗೆ ಜಾಮೀನು ನಿಂತರು.

ಈ ಊರಿಗೆ ಇದು ಹೊಸತಲ್ಲ. ಹಿರಿಯರಿಗೆ ನರ್ಗಿಸ್ ಅವರ ಕೊನೆಯ ದಿನಗಳು ನೆನಪಿರಬಹುದು. ಕ್ಯಾನ್ಸರ್ ಆಗಿ ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದರು. ಮಗ ನಾಯಕನಾಗಿ ನಟಿಸಿದ ಮೊದಲ ಚಿತ್ರ 'ರಾಕಿ' ತೆರೆಗೆ ಬರಲು ಕೆಲವೇ ದಿನಗಳಿರುವಾಗ, 1981ರ ಮೇ 3ರಂದು ತೀರಿಕೊಂಡರು. ಆ ಕಾಲದಲ್ಲಿ ಕ್ಯಾನ್ಸರ್ ಎಂಬ ಶಬ್ದವನ್ನೇ ಮನೆಯಲ್ಲಿ ಗಟ್ಟಿಯಾಗಿ ಹೇಳುತ್ತಿರಲಿಲ್ಲ, "ಆ ಕಾಯಿಲೆ" ಎನ್ನುತ್ತಿದ್ದರು. ಸುನಿಲ್ ದತ್ ಅವರು ಹೆಂಡತಿಯ ಹೆಸರನ್ನೇ ಇಟ್ಟು ಪ್ರತಿಷ್ಠಾನ ಕಟ್ಟಿ, ಬಡ ರೋಗಿಗಳ ಚಿಕಿತ್ಸೆಗಾಗಿ ಹಣ ಎತ್ತಿದರು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಇವತ್ತಿಗೂ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಇದೆ. ಮನೆಯ ದುಃಖವನ್ನು ನಾಲ್ಕು ಗೋಡೆಯೊಳಗೆ ಇಟ್ಟುಕೊಳ್ಳುವ ಹಕ್ಕು ಅವರಿಗಿತ್ತು. ಇಟ್ಟುಕೊಳ್ಳಲಿಲ್ಲ.

ಇನ್ನು ನಮ್ಮವರೇ ಆದ ಪುನೀತ್ ರಾಜ್‌ಕುಮಾರ್. 2020ರಲ್ಲಿ ಕೊರೋನಾ ಬಂದ ಹೊಸತರಲ್ಲೇ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮರುವರ್ಷ ಅಕ್ಟೋಬರ್ 29ರಂದು, ಬರೀ 46ನೇ ವಯಸ್ಸಿಗೆ ಹೋಗಿಬಿಟ್ಟರು. ಕಣ್ಣುಗಳನ್ನು ಸಾವಿನ ನಂತರ ಆರು ತಾಸಿನೊಳಗೆ ತೆಗೆಯಬೇಕಾಗುತ್ತದೆ. ಅಂಥ ಆಘಾತದ ನಡುವೆಯೂ ಮನೆಯವರು ಆ ಕೆಲಸ ಮರೆಯಲಿಲ್ಲ. 2006ರಲ್ಲಿ ಅಪ್ಪಾಜಿ ಹೋದಾಗಲೂ ಹೀಗೇ ನೇತ್ರದಾನವಾಗಿತ್ತು. ಸಾಮಾನ್ಯವಾಗಿ ಎರಡು ಕಣ್ಣು ಇಬ್ಬರಿಗೆ ಸಲ್ಲುತ್ತದೆ. ಬೆಂಗಳೂರಿನ ವೈದ್ಯರು ಪುನೀತ್ ಅವರ ಕಾರ್ನಿಯಾದ ಮುಂದಿನ ಪದರವನ್ನೂ ಹಿಂದಿನ ಪದರವನ್ನೂ ಬೇರೆ ಮಾಡಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಅದನ್ನು ನೋಡಿ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಂದೆ ಬಂದರು. ಅಸಲಿಗಿಂತ ಬಡ್ಡಿ ದೊಡ್ಡದಾಯಿತು.

ಇವರೆಲ್ಲ ದೊಡ್ಡವರು, ನಮಗೆಲ್ಲಿ ಸಾಧ್ಯ ಎಂದು ಯಾರಾದರೂ ಅಂದುಕೊಂಡರೆ ಸಂಚಾರಿ ವಿಜಯ್ ಅವರನ್ನು ನೆನೆಯಿರಿ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ನಟ. ಕೋಟಿ ಎಣಿಸುವ ತಾರೆಯಲ್ಲ, ರಂಗಭೂಮಿಯಿಂದ ಬಂದವರು. 2021ರ ಎರಡನೇ ಅಲೆಯಲ್ಲಿ ಗೆಳೆಯರ ಜೊತೆ ಸೇರಿ ರೋಗಿಗಳಿಗೆ ಆಮ್ಲಜನಕ ಮುಟ್ಟಿಸುವ ಕೆಲಸ ಮಾಡುತ್ತಿದ್ದರು. ಆ ಜೂನ್‌ನಲ್ಲಿ ಬೈಕ್ ಅಪಘಾತವಾಗಿ ಮೆದುಳು ನಿಷ್ಕ್ರಿಯವಾದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಅವರಿಗೆ ಆಗ 37 ವರ್ಷ.

ಈಗ ನನ್ನದೇ ಒಂದು ಹಳೆಯ ಬಾಕಿಯ ವಿಷಯ ಹೇಳಬೇಕು.

ತೊಂಬತ್ತರ ದಶಕ. ಉಪನಗರದ ಒಂದು ಶಾಖೆಯಲ್ಲಿದ್ದೆ. ಪಕ್ಕದ ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಉಳಿತಾಯ ಖಾತೆ ನಮ್ಮಲ್ಲಿತ್ತು. ಊರಿನಲ್ಲಿ ತಂದೆಗೆ ಹೃದಯದ ಆಪರೇಷನ್, 20,000 ರೂಪಾಯಿ ಸಾಲ ಬೇಕು ಎಂದು ಬಂದ. ಜಾಮೀನುದಾರರು ಬೇಕು, ಅವರ ಸಂಬಳದ ಪತ್ರ ಬೇಕು ಎಂದೆ. "ಸರ್, ಮುಂಬಯಿಯಲ್ಲಿ ನನಗೆ ಗೊತ್ತಿರುವ ದೊಡ್ಡವರು ನೀವೊಬ್ಬರೇ" ಎಂದ. ಅಧಿಕಾರಿಯಾದವನು ಗ್ರಾಹಕನಿಗೆ ಜಾಮೀನು ನಿಲ್ಲುವ ಹಾಗಿರಲಿಲ್ಲ. ಅದನ್ನೇ ತಿಳಿಸಿ ಕಳಿಸಿದೆ. ಎರಡು ತಿಂಗಳ ಮೇಲೆ ಮತ್ತೆ ಬಂದ, ಖಾತೆ ಮುಚ್ಚಲು. ತಂದೆ ಹೇಗಿದ್ದಾರೆ ಎಂದು ಕೇಳಿದೆ. "ಇನ್ನು ಸಾಲ ಬೇಡ ಸರ್" ಎಂದಷ್ಟೇ ಹೇಳಿದ.

ನಿಯಮ ಸರಿಯಾಗಿಯೇ ಇತ್ತು. ಸರಿ ಇರದಿದ್ದವನು ನಾನು. ಇದೇ ಸಂಘದಲ್ಲಿ ಆಗ ನನಗೆ ಹತ್ತಾರು ಜನ ಸ್ನೇಹಿತರಿದ್ದರು. ಒಂದು ಫೋನ್ ಮಾಡಿದ್ದರೆ ಇಬ್ಬರು ಜಾಮೀನುದಾರರು ಸಿಗುತ್ತಿದ್ದರು. ಹುಡುಗನಿಗೆ ಇಲ್ಲದ ಹೆಸರು ನನಗಿತ್ತು. ನಾನು ಅದನ್ನು ಲಾಕರಿನಲ್ಲಿಟ್ಟೆ. ನಿವೃತ್ತಿಯ ನಂತರ ಈ ನಿಧಿಯ ಕೆಲಸಕ್ಕೆ ನಾನು ಬಂದದ್ದು ಈ ಬಾಕಿಗಾಗಿ. ಅದು ತೀರುತ್ತದೆ ಎಂದೇನಲ್ಲ, ಬಡ್ಡಿಯನ್ನಾದರೂ ಕಟ್ಟೋಣ ಎಂದು.

ಕಳೆದ ತಿಂಗಳು ನಮ್ಮ ಕಚೇರಿಗೆ ಕಲಬುರಗಿ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಗಂಡ ಗಾರೆ ಕೆಲಸದವನು, ಬಾಯಿ ಕ್ಯಾನ್ಸರ್, ಪರೇಲಿನಲ್ಲಿ ಚಿಕಿತ್ಸೆ. ಪಡಿತರ ಚೀಟಿ ಕರ್ನಾಟಕದ್ದು, ರೋಗ ಬಂದದ್ದು ಮಹಾರಾಷ್ಟ್ರದಲ್ಲಿ. ಸರ್ಕಾರದ ಯೋಜನೆಗೆ ಯಾವ ಕಾಗದ ಎಲ್ಲಿಂದ ತರಬೇಕೆಂದು ತಿಳಿಯದೆ ಅಲೆಯುತ್ತಿದ್ದಳು. ಅರ್ಜಿ ತುಂಬಿಸಿಕೊಂಡ ಮೇಲೆ ಕೈ ಮುಗಿದು ಒಂದೇ ಮಾತು ಕೇಳಿದಳು: "ಸಾಹೇಬ್ರ, ನಮ್ಮ ಹೆಸರು ಎಲ್ಲೂ ಬರದಂಗ ನೋಡ್ರಿ. ಮನ್ಯಾಗ ಲಗ್ನಕ್ಕ ಬಂದ ಮಗಳು ಅದಾಳ್ರಿ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ದತ್ ಅವರು ಹೆಂಡತಿಯ ಹೆಸರನ್ನು ಲೋಕಕ್ಕೆಲ್ಲ ಹೇಳಿ ಸಾವಿರಾರು ಜನರಿಗೆ ಸಹಾಯ ಮಾಡಿದರು. ಈ ತಾಯಿ ಗಂಡನ ಹೆಸರನ್ನು ಮುಚ್ಚಿಟ್ಟು ಮಗಳನ್ನು ಉಳಿಸಿಕೊಳ್ಳಬೇಕು. ಹೆಸರಿದ್ದವರು ಹೆಸರು ಕೊಡಬಲ್ಲರು. ಇಲ್ಲದವರಿಗೆ ಇರುವ ಮಾನವೊಂದೇ ಆಸ್ತಿ, ಅದನ್ನು ಒತ್ತೆ ಇಡಿಸಿಕೊಂಡು ನಾವು ನೆರವು ಕೊಡಬಾರದು. ಅದಕ್ಕೇ ನಮ್ಮ ವಾರ್ತಾಪತ್ರದಲ್ಲಿ ರೋಗಿಯ ಫೋಟೋ ಇರುವುದಿಲ್ಲ, ಚೆಕ್ ಕೊಡುವ ಫೋಟೋವೂ ಇರುವುದಿಲ್ಲ. ದಾನಿಗಳು ಇದನ್ನು ದಯವಿಟ್ಟು ಅರ್ಥ ಮಾಡಿಕೊಳ್ಳಬೇಕು. ನಿಮ್ಮ ಹಣದ ಪೈಸೆ ಪೈಸೆ ಲೆಕ್ಕ ಕೊಡುತ್ತೇವೆ, ಅವರ ಮುಖವನ್ನು ಮಾತ್ರ ಕೊಡುವುದಿಲ್ಲ.

ನಿಮ್ಮಲ್ಲಿ ಕೇಳುವುದು ಮೂರು. ಮೊದಲನೆಯದು ಹಣ. ನೂರು ಸದಸ್ಯರು ತಿಂಗಳಿಗೆ 500 ರೂಪಾಯಿ ಕೊಟ್ಟರೆ ವರ್ಷಕ್ಕೆ 6 ಲಕ್ಷವಾಗುತ್ತದೆ. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವುದಕ್ಕಿಂತ ಆರ್.ಡಿ. ಕಟ್ಟಿದ ಹಾಗೆ ತಿಂಗಳು ತಿಂಗಳು ಬರುವ ಹಣದಿಂದ ನಮಗೆ ಹೆಚ್ಚು ಅನುಕೂಲ. ರೋಗವೂ ತಿಂಗಳು ತಿಂಗಳು ಖರ್ಚು ಕೇಳುತ್ತದೆ. ಆಸ್ಪತ್ರೆಯ ಬಿಲ್ಲಿಗೆ ಹೇಗಾದರೂ ದಾರಿ ಹುಡುಕಬಹುದು, ಖೋಲಿ ಬಾಡಿಗೆ, ಊಟ, ಲೋಕಲ್ ಟ್ರೇನಿನ ಪಾಸು, ತಪ್ಪಿದ ಕೂಲಿ, ಇವಕ್ಕೆ ಯೋಜನೆ ಸಿಗುವುದು ಕಷ್ಟ.

ಎರಡನೆಯದು ಸಮಯ. ಮರಾಠಿ, ಹಿಂದಿ ಸರಿಯಾಗಿ ಬಾರದ ರೋಗಿಯ ಜೊತೆ ವಾರಕ್ಕೆ ಅರ್ಧ ದಿನ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಕನ್ನಡದಲ್ಲಿ ಧೈರ್ಯ ಹೇಳುವವರು ಬೇಕು. ನಿವೃತ್ತರಾದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದೀರಿ. ಮೂರನೆಯದು ನೇತ್ರದಾನ. ಅರ್ಜಿಗಳು ಬಾಗಿಲ ಪಕ್ಕದ ಮೇಜಿನ ಮೇಲಿವೆ. ಅರ್ಜಿ ತುಂಬಿದರೆ ಸಾಲದು, ಮನೆಯವರಿಗೂ ತಿಳಿಸಿಡಿ. ಆ ಆರು ತಾಸಿನಲ್ಲಿ ಫೋನ್ ಮಾಡಬೇಕಾದವರು ಅವರೇ.

ಆ ಹೆಣ್ಣುಮಗಳ ಅರ್ಜಿ ಮಂಜೂರಾಗಿದೆ. ಮೊದಲ ಕಂತು ಹೋಗಿದೆ. ಎರಡನೆಯ ಕಂತಿಗೆ ನಿಧಿಯಲ್ಲಿ ಹಣ ಸಾಲದು, ಅವಳ ಹಿಂದೆ ಇನ್ನೂ ಏಳು ಅರ್ಜಿಗಳಿವೆ. ಅವರ ಹೆಸರು ನಾನು ಹೇಳುವುದಿಲ್ಲ, ನೀವು ಕೇಳಬೇಡಿ. ನಿಮ್ಮ ಹೆಸರನ್ನು ಮಾತ್ರ ಹೊರಡುವ ಮುಂಚೆ ಮೇಜಿನ ಮೇಲಿನ ಪುಸ್ತಕದಲ್ಲಿ ಬರೆದು ಹೋಗಿ.