ಉಣ್ಣದ ಊಟಕ್ಕೆ ಮುರಿದ ಕೂಲಿ
(ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಸಂತ ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಒಂದು ಸಣ್ಣ ಸಂಗತಿ ಇದೆ. ಪ್ರೇಷಿತರು ಊರೂರು ಸುತ್ತಿ, ಬೋಧಿಸಿ, ರೋಗಿಗಳನ್ನು ಗುಣಪಡಿಸಿ ಹಿಂದಿರುಗಿದ್ದಾರೆ. ಬಂದು ಹೋಗುವ ಜನರ ನಡುವೆ ಅವರಿಗೆ ತುತ್ತು ಅನ್ನಕ್ಕೂ ಪುರುಸೊತ್ತಿಲ್ಲ. ಪ್ರಭು ಯೇಸು ಅದನ್ನು ಗಮನಿಸಿದರು. ಜನರಿಂದ ದೂರ ಕರೆದುಕೊಂಡು ಹೋಗಿ ದಣಿವಾರಿಸಿಕೊಳ್ಳಲು ಹೇಳಿದರು. ದುಡಿಯುವವನ ಹಸಿವು ದೇವರ ಕಣ್ಣಿಗೆ ಬೀಳುತ್ತದೆ.

ಇಂದು ನಾವು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತಿದ್ದೇವೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ಈ ಹಬ್ಬವನ್ನು ಸ್ಥಾಪಿಸಿದರು. ನಜರೇತಿನ ಆ ಬಡಗಿಯ ಮನೆ ನಡೆದದ್ದು ಕೈಕೆಲಸದ ಕೂಲಿಯಿಂದ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳು ಇಂದು ನಡೆಯುವುದು ದೂರದೇಶದಲ್ಲಿ ದಾದಿಯರಾಗಿ ದುಡಿಯುವ ಹೆಣ್ಣುಮಕ್ಕಳ ಸಂಬಳದಿಂದ. ಅಂಥ ಮಕ್ಕಳಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಊಟದ ಬಿಡುವೆಂದು ದಿನಕ್ಕೆ ಅರ್ಧ ಗಂಟೆಯ ಸಂಬಳವನ್ನು ಕಂಪ್ಯೂಟರ್ ತಾನಾಗಿಯೇ ಕಳೆದುಬಿಡುತ್ತದೆ. ದಾದಿ ಉಂಡಳೋ ಇಲ್ಲವೋ ಅದಕ್ಕೆ ತಿಳಿಯದು. ಆಕೆ ಬುತ್ತಿ ಬಿಚ್ಚುವಷ್ಟರಲ್ಲಿ ರೋಗಿಯ ಗಂಟೆ ಬಾರಿಸುತ್ತದೆ, ಎದ್ದು ಓಡುತ್ತಾಳೆ. ಊಟವೂ ಇಲ್ಲ, ಆ ಅರ್ಧ ಗಂಟೆಯ ಕೂಲಿಯೂ ಇಲ್ಲ.

ಅರ್ಧ ಗಂಟೆ ತಾನೇ ಎನ್ನಬೇಡಿ. ದಿನಕ್ಕೆ ಎಂಟೂವರೆ ಗಂಟೆಯಂತೆ ವಾರಕ್ಕೆ ಐದು ದಿನ ದುಡಿದರೆ 42.5 ಗಂಟೆ. ಕೈಗೆ ಬರುವುದು 40 ಗಂಟೆಯ ಸಂಬಳ. ದಿನವೂ ಊಟ ತಪ್ಪಿದರೆ 50 ವಾರಗಳಲ್ಲಿ 125 ಗಂಟೆ ಪುಕ್ಕಟೆ ದುಡಿದಂತೆ.

ಆ ದೇಶದ ಕಾನೂನು ಇದನ್ನು ಒಪ್ಪುವುದಿಲ್ಲ. ಗಂಟೆಯ ಲೆಕ್ಕದಲ್ಲಿ ದುಡಿಯುವವರಿಗೆ ರಕ್ಷಣೆ ಕೊಡುವ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ 1938ರಷ್ಟು ಹಳೆಯದು. ಅದರ ನಿಯಮಗಳ ಪ್ರಕಾರ ಊಟದ ಬಿಡುವಿಗೆ ಸಂಬಳ ಕೊಡದಿರಬೇಕಾದರೆ ಆ ಹೊತ್ತಿನಲ್ಲಿ ಕೆಲಸದಿಂದ ಪೂರ್ತಿ ಬಿಡುಗಡೆ ಇರಬೇಕು. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ರೋಗಿಗಳನ್ನು ನೋಡಿಕೊಂಡರೆ ಅದು ಕೆಲಸವೇ. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಸಲ್ಲಬೇಕು. ಕಂಪ್ಯೂಟರಿನಿಂದ ಕಳೆಯುವುದೇ ಅಪರಾಧವಲ್ಲ. ದುಡಿದ ಹೊತ್ತನ್ನು ಕಳೆಯುವುದು ತಪ್ಪು.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತಿದೆ. 2012ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದರಲ್ಲಿ ತುರ್ತು ಚಿಕಿತ್ಸಾ ವಿಭಾಗದ ದಾದಿಯೊಬ್ಬರು ಇಂಥದೇ ಮೊಕದ್ದಮೆಯಲ್ಲಿ ಸೋತರು. ತಪ್ಪಿದ ಊಟವನ್ನು ಬರೆಯಲು ಆಸ್ಪತ್ರೆ ಒಂದು ಪುಸ್ತಕ ಇಟ್ಟಿತ್ತು. ಬರೆದಾಗ ಅವರಿಗೆ ಹಣ ಸಿಕ್ಕಿತ್ತು. ಕಾಲಕ್ರಮೇಣ ಅವರು ಬರೆಯುವುದನ್ನೇ ಬಿಟ್ಟರು. ಬರೆಯದಿದ್ದುದನ್ನು ಆಸ್ಪತ್ರೆ ತಿಳಿಯುವುದು ಹೇಗೆ ಎಂಬುದು ನ್ಯಾಯಾಲಯದ ನಿಲುವಾಗಿತ್ತು.

ನಮ್ಮ ಮಕ್ಕಳು ಏಕೆ ಬರೆಯುವುದಿಲ್ಲ? ಕೆಲವರಿಗೆ ವೀಸಾದ ಭಯ. ಹಲವರಿಗೆ ಸಂಕೋಚ. "ಇದು ಸೇವೆ, ಅರ್ಧ ಗಂಟೆಗೆ ಲೆಕ್ಕ ಕೇಳುವುದೇ?" ಎಂದು ಸುಮ್ಮನಾಗುತ್ತಾರೆ. ಪ್ರಿಯರೇ, ನಾವೇ ಮನಸ್ಸು ಮಾಡಿ ಕೊಟ್ಟದ್ದು ತ್ಯಾಗ. ಕೇಳದೆ ಕಿತ್ತುಕೊಂಡದ್ದು ತ್ಯಾಗವಲ್ಲ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂದು ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ರೇರುಮ್ ನೊವಾರುಮ್ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಗಾಗಿ ದನಿ ಎತ್ತಿದರು. ಆ ಪರಂಪರೆಯನ್ನು ನೆನೆದೇ 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಆರಿಸಿಕೊಂಡರು.

ಆದ್ದರಿಂದ ನಿಮ್ಮ ಮಕ್ಕಳಿಗೆ ಮೂರು ಮಾತು ಹೇಳಿ. ಊಟ ತಪ್ಪಿದ ದಿನವೇ ಆಸ್ಪತ್ರೆಯ ಪುಸ್ತಕದಲ್ಲಿ ಬರೆಯಲಿ. ತಮ್ಮದೇ ಒಂದು ಲೆಕ್ಕವನ್ನೂ ಇಟ್ಟುಕೊಳ್ಳಲಿ. ಸಂಬಳದ ಚೀಟಿಯನ್ನು ತಾಳೆ ನೋಡಲಿ. ಕೇಳಿದರೂ ಸರಿಪಡಿಸದಿದ್ದರೆ ಅಲ್ಲಿನ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ತಿಳಿಸಲಿ. ದೂರು ಕೊಟ್ಟವರ ಹೆಸರನ್ನು ಅದು ಗುಟ್ಟಾಗಿಡುತ್ತದೆ. ದೂರಿದ್ದಕ್ಕೆ ಕೆಲಸದಿಂದ ತೆಗೆಯುವುದನ್ನು ಕಾನೂನು ನಿಷೇಧಿಸುತ್ತದೆ. ತಡಮಾಡುವುದು ಬೇಡ, ಮೊಕದ್ದಮೆಗೆ ಸಾಮಾನ್ಯವಾಗಿ ಎರಡು ವರ್ಷದ ಗಡುವು, ಬೇಕೆಂದೇ ಮಾಡಿದ ತಪ್ಪಾದರೆ ಮೂರು ವರ್ಷ.

ಇದೇ ಅಳತೆಗೋಲು ನಮ್ಮ ಮನೆಗೂ ಅನ್ವಯಿಸುತ್ತದೆ. ನಮ್ಮ ಮನೆಗೆಲಸದಾಕೆ, ತೋಟದ ಆಳು ಹೊತ್ತಿಗೆ ಸರಿಯಾಗಿ ಉಂಡರೇ? ಅವರು ದುಡಿದ ಹೊತ್ತನ್ನೆಲ್ಲ ನಾವು ಲೆಕ್ಕಕ್ಕೆ ಹಿಡಿದೆವೇ? ಮಗಳಿಗೆ ನ್ಯಾಯ ಬೇಡುವ ತಾಯಿ ತನ್ನ ಅಡುಗೆಮನೆಯಲ್ಲೂ ನ್ಯಾಯ ಪಾಲಿಸಬೇಕು.

ಮಗಳು ಫೋನ್ ಮಾಡಿದಾಗ ನಾವು ಮೊದಲು ಕೇಳುವುದು "ಊಟ ಆಯ್ತಾ ಮಗಳೇ?" ಎಂದು. ಆಕೆ ನಮ್ಮ ಸಮಾಧಾನಕ್ಕೆ "ಆಯ್ತಮ್ಮ" ಎನ್ನುತ್ತಾಳೆ. ಇನ್ನು ಮುಂದೆ ಇನ್ನೊಂದು ಮಾತನ್ನೂ ಕೇಳಿ: "ಆಗದ ದಿನ ಬರೆದಿಟ್ಟೆಯಾ?"

ದುಡಿಯುವ ಕೈಗಳಿಗೆ ಅನ್ನವೂ ನ್ಯಾಯವೂ ದೊರೆಯುವಂತೆ ಕಾರ್ಮಿಕ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ. ಆಮೆನ್.